ಸಂಬಳ ಏರಿಸುವುದಾ, ಇನ್ಸೆಂಟಿವ್ ಇಡುವುದಾ? ಅನುಭವ ಇದ್ದವರು ಹೇಳಿ

ಉಡುಪಿ ಪಾತ್ರೆ ಅಂಗಡಿ: ರಥಬೀದಿ ಹತ್ತಿರ ನಮ್ಮ ಅಂಗಡಿ. 9 ಜನ ಕೆಲಸಕ್ಕಿದ್ದಾರೆ, ಇಬ್ಬರು ಬಿಡುವ ಮಾತಾಡುತ್ತಿದ್ದಾರೆ. ಎಲ್ಲರಿಗೂ ಸಂಬಳ ಏರಿಸಲಾ, ವ್ಯಾಪಾರದ ಮೇಲೆ ಇನ್ಸೆಂಟಿವ್ ಇಡಲಾ?

ಹಂಪನಕಟ್ಟೆ ಜವಳಿ: ಇನ್ಸೆಂಟಿವ್ ಮಾತ್ರ ಬೇಡ ಮಾರಾಯ್ರೆ. ನಾನು ಕೈ ಸುಟ್ಟುಕೊಂಡವ. ಬಿಲ್ಲಿನ ಮೇಲೆ 1% ಅಂತ ಇಟ್ಟೆ. ಮೊದಲ ತಿಂಗಳು ವ್ಯಾಪಾರ ಏರಿತು. ಎರಡನೇ ತಿಂಗಳಿಗೆ ಸೀರೆ ಕೌಂಟರಿನಲ್ಲಿ ಜಗಳ. ಮದುವೆ ಜವಳಿಯವರನ್ನು ಬಾಗಿಲಲ್ಲೇ ಹಿಡಿಯುತ್ತಾರೆ, ಬೈರಾಸು (ಟವೆಲ್) ಕೇಳಿದ ಅಜ್ಜಿಯನ್ನು ಯಾರೂ ನೋಡುವುದಿಲ್ಲ. ಬಿಚ್ಚಿದ ಸೀರೆ ಮಡಚುವವರೇ ಇಲ್ಲ, ಮಡಚಿದ್ದಕ್ಕೆ ಕಮಿಷನ್ ಇಲ್ಲವಲ್ಲ! 14,000ದ ಸೀರೆಯೊಂದು ವಾಪಸ್ ಬಂತು. ಕಮಿಷನ್ 140 ರೂಪಾಯಿ ಹಿಂದೆ ಹಿಡಿದದ್ದಕ್ಕೆ ಹುಡುಗ ಮೂರು ದಿನ ಅಂಗಡಿಗೆ ಬರಲಿಲ್ಲ. ಕೊನೆಗೆ ಎಲ್ಲ ನಿಲ್ಲಿಸಿದೆ. ಆಗ ಚೆನ್ನಾಗಿ ಮಾರುತ್ತಿದ್ದ ಇಬ್ಬರೇ ಬಿಟ್ಟರು.

ಮಲ್ಪೆ ಬೋಟಿನವ: ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟರೆ ಜಗಳ ಆಗದೆ ಎಂತ ಆಗುತ್ತದೆ? ನಮ್ಮಲ್ಲಿ ಡೀಸೆಲ್, ಐಸು, ರೇಷನ್ ಕಳೆದು ಉಳಿದದ್ದರಲ್ಲಿ ಎಲ್ಲರಿಗೂ ಪಾಲು, ಬೋಟು ನಡೆಸುವ ತಾಂಡೇಲನಿಗೆ ಸ್ವಲ್ಪ ಜಾಸ್ತಿ. ಬಲೆ ಎಳೆಯುವಾಗ ಒಬ್ಬನೂ ಕೈಕಟ್ಟಿ ನಿಲ್ಲುವುದಿಲ್ಲ. ನನ್ನ ಪೆಟ್ಟು ಬೇರೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ. ಬೋಟಿನಲ್ಲಿ ದುಡಿಯುವ ಕಲಾಸಿಗಳು ಬೇರೆ ಬೋಟು ಹತ್ತಬಾರದು ಅಂತ ಇಬ್ಬರಿಗೆ ತಲಾ 40,000 ಮುಂಗಡ ಕೊಟ್ಟೆ. ಆಗಸ್ಟಿನಲ್ಲಿ ನೋಡಿದರೆ ಇಬ್ಬರೂ ಪಕ್ಕದ ಬೋಟಿನಲ್ಲಿ. ನನಗೇ ಕೈ ಬೀಸಿದರು!

ಸೇಲ್ಸ್‌ನಲ್ಲಿದ್ದವ: ಬರೀ ಧಣಿಗಳೇ ಮಾತಾಡುತ್ತಿದ್ದೀರಿ. ನನಗೆ ತಿಂಗಳಿಗೆ 3 ಲಕ್ಷ ಟಾರ್ಗೆಟ್ ಇತ್ತು, ಮುಟ್ಟಿದರೆ 6,000. ನಾಲ್ಕು ತಿಂಗಳು ಮುಟ್ಟಿದೆ. ಬಹುಮಾನ ಏನು? ಟಾರ್ಗೆಟ್ 4 ಲಕ್ಷ ಆಯಿತು. ಜುಲೈ ಮಳೆಯಲ್ಲಿ ಸ್ಕೂಟರ್ ಮೇಲೆ ತಿರುಗಿ 3,96,000 ಮಾಡಿದೆ. ಸಿಕ್ಕಿದ್ದು ಸೊನ್ನೆ. 4,000ಕ್ಕೆ 6,000 ಹೋಯಿತು. ಮರುತಿಂಗಳು ಕಡಿಮೆ ಬರುತ್ತದೆ ಅಂತ ಗೊತ್ತಾದ ಕೂಡಲೇ ಆರ್ಡರ್‌ಗಳನ್ನು ಅದರ ಮುಂದಿನ ತಿಂಗಳಿಗೆ ತಳ್ಳಿದೆ. ಹೌದು, ಮಾಡಿದೆ. ಎಲ್ಲರೂ ಮಾಡುತ್ತಿದ್ದರು.

ಹಂಪನಕಟ್ಟೆ ಜವಳಿ: ನೋಡಿ, ಇದೇ! ಇಂಥವರನ್ನು ನಂಬಿ ಅಂಗಡಿ ನಡೆಸಬೇಕು ನಾವು.

ಸೇಲ್ಸ್‌ನಲ್ಲಿದ್ದವ: ನಿಮ್ಮಲ್ಲಿ ಬೋನಸ್ ಕೊಡುತ್ತೀರಾ? ಕಾನೂನು ಪ್ರಕಾರ ಸಂಬಳದ ಕನಿಷ್ಠ 8.33% ಉಂಟು.

ಹಂಪನಕಟ್ಟೆ ಜವಳಿ: ಅದು 20 ಜನ ಇದ್ದರೆ. ನಮ್ಮಲ್ಲಿ 19.

ಸೇಲ್ಸ್‌ನಲ್ಲಿದ್ದವ: 19ಕ್ಕೇ ಯಾಕೆ ನಿಲ್ಲಿಸಿದ್ದು ಅಂತ ಎಲ್ಲರಿಗೂ ಗೊತ್ತು. ವರ್ಷದಲ್ಲಿ ಒಂದೇ ದಿನ 20 ಆದರೂ ಸಾಕು. ಮದುವೆ ಸೀಸನ್ನಿಗೆ ಇಟ್ಟ ಹುಡುಗರು ಎಷ್ಟು ಜನ?

ಹಂಪನಕಟ್ಟೆ ಜವಳಿ: ನೀವು ಯಾವ ಕಂಪನಿಯವರು ಹೇಳಿ ಮೊದಲು.

ಕಾರ್ಕಳ ಗೇರುಬೀಜ: ಜಗಳ ಸಾಕು. ನಮ್ಮಲ್ಲಿ ಬರೀ ಕಿಲೋ ಲೆಕ್ಕಕ್ಕೆ ಕೂಲಿ ಕೊಟ್ಟಾಗ ಕೈ ಓಡಿತು, ಬೀಜ ತುಂಡಾಯಿತು. ತುಂಡಿಗೆ ಇಡೀ ಬೀಜದ ರೇಟು ಎಲ್ಲಿ ಸಿಗುತ್ತದೆ? ಇಡೀ ಬೀಜಕ್ಕೆ ಜಾಸ್ತಿ, ತುಂಡಿಗೆ ಕಡಿಮೆ ಅಂತ ಮಾಡಿದ ಮೇಲೆ ಸರಿಯಾಯಿತು. ಮಷಿನ್ ಹಾಳುಮಾಡಿದ ತುಂಡು ಯಾರ ಲೆಕ್ಕಕ್ಕೆ ಅಂತ ಮಾತ್ರ ಇವತ್ತಿಗೂ ಗಲಾಟೆ.

ಉಡುಪಿ ಪಾತ್ರೆ ಅಂಗಡಿ: ನನ್ನದು ಪಾತ್ರೆ ಅಂಗಡಿ ಅಂತ ಹೇಳಿದ್ದೆ ಅಲ್ವಾ? ಒಬ್ಬ ಇವತ್ತು ಬಿಟ್ಟ.

ಮಲ್ಪೆ ಬೋಟಿನವ: ಜವಳಿಯವರೇ, ನಿಮ್ಮಲ್ಲಿ ಬಿಟ್ಟ ಆ ಇಬ್ಬರು ಈಗ ಎಲ್ಲಿದ್ದಾರೆ? ಸಮುದ್ರಕ್ಕೆ ಹೆದರುತ್ತಾರಾ?