ಹನ್ನೊಂದನೇ ವಾರ, ಜ್ವರ: ಮಾತ್ರೆ ನುಂಗಲಾ, ಬೇಡ್ವಾ?

ನನಗೆ ಮೊದಲನೇ ಬಸಿರು, ಹನ್ನೊಂದನೇ ವಾರ. ನಿನ್ನೆಯಿಂದ ಜ್ವರ, ಮೈಕೈ ನೋವು. ಅತ್ತೆ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ‘ನುಂಗು, ಏನೂ ಆಗಲ್ಲ’ ಅಂತಾರೆ. ಅಮ್ಮ ಫೋನಲ್ಲಿ ‘ಏನನ್ನೂ ಮುಟ್ಟಬೇಡ’ ಅಂತಾರೆ. ಡಾಕ್ಟರ್ ಸಿಗೋದು ಸೋಮವಾರ. ಮುಖದ ಕ್ರೀಮು, ಸೊಳ್ಳೆ ಬತ್ತಿಯನ್ನೂ ಬಿಡಬೇಕಾ? ಅನುಭವ ಇರುವವರು ಹೇಳಿ.

•

ಸೋಮವಾರದವರೆಗೆ ಕಾಯಬೇಡಮ್ಮ, ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಜ್ವರ ಏರಲು ಬಿಡುವುದೂ ಒಳ್ಳೆಯದಲ್ಲ. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದು ಬರೀ ಪ್ಯಾರಾಸಿಟಮಾಲ್. ಆ ‘ಬರೀ’ಯಲ್ಲೇ ಎಲ್ಲ ಇರುವುದು.

ಆರನೇ ತಿಂಗಳಲ್ಲಿ ನನಗೆ ಸೊಂಟ ಹಿಡಿದುಕೊಂಡಿತ್ತು. ಮೆಡಿಕಲ್ ಶಾಪಿನವರು ‘ಪ್ಯಾರಾಸಿಟಮಾಲೇ ಮೇಡಂ’ ಅಂತ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರು. ಒಂದು ನುಂಗಿದ ಮೇಲೆ ತಿರುಗಿಸಿ ನೋಡಿದೆ. ಕತ್ತರಿ ಬಿದ್ದ ಕಡೆ ಹೆಸರು ಅರ್ಧ ಹೋಗಿ ‘ಫೆನಾಕ್ 100’ ಅಂತಷ್ಟೇ ಉಳಿದಿತ್ತು, ಕೆಳಗೆ ಪ್ಯಾರಾಸಿಟಮಾಲ್ 325. ಅಸಿಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಬೆರೆಸಿದ ಮಾತ್ರೆ ಅದು! ಡಾಕ್ಟರು ಬೈದರು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಎಲ್ಲ ಅದೇ ಜಾತಿ. ಇಪ್ಪತ್ತು ವಾರ ದಾಟಿದ ಮೇಲೆ ಇವು ಮಗುವಿನ ಕಿಡ್ನಿಗೆ ತೊಂದರೆ ಮಾಡಿ, ಸುತ್ತಲಿನ ನೀರು ಕಡಿಮೆ ಮಾಡಬಹುದು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಇದನ್ನೇ ಎಚ್ಚರಿಸಿತು. ನಿನ್ನ ವಾರದಲ್ಲೂ ಕೇಳದೆ ತಗೋಬೇಡ. ಒಂದು ಮಾತ್ರೆಗೆ ನನಗೇನೂ ಆಗಲಿಲ್ಲ, ಮಗ ಈಗ ಎರಡನೇ ಕ್ಲಾಸು. ಆದರೆ ಅವತ್ತಿನಿಂದ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ಡಾಕ್ಟರಿಗೆ ಕಳಿಸದೆ ನುಂಗಲಿಲ್ಲ.

•

ನಂದು ಉಲ್ಟಾ ಕತೆ. ಎರಡು ಗೆರೆ ಕಂಡ ದಿನವೇ ಹೆದರಿ ಥೈರಾಯ್ಡ್ ಮಾತ್ರೆ ನಿಲ್ಲಿಸಿಬಿಟ್ಟೆ. ಮೊದಲ ಚೆಕಪ್ಪಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ಏರುವ ಅಳತೆ) ಏರಿ ಕೂತಿತ್ತು. ಶುರುವಿನ ತಿಂಗಳುಗಳಲ್ಲಿ ಮಗುವಿಗೆ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಹೋಗಬೇಕಂತೆ, ನನ್ನ ಡೋಸ್ ಜಾಸ್ತಿಯೇ ಮಾಡಿದರು. ಬಿಪಿ, ಆಸ್ತಮಾ, ಫಿಟ್ಸ್ ಮಾತ್ರೆಗಳನ್ನೂ ತಾವಾಗಿ ನಿಲ್ಲಿಸಬಾರದು. ಫಿಟ್ಸಿನ ವಾಲ್‌ಪ್ರೋಯೇಟ್‌ನಂಥವು ಮಗುವಿಗೆ ಅಪಾಯ ನಿಜ, ಆದರೆ ಅದನ್ನು ಬದಲಾಯಿಸಬೇಕಾದವರು ಡಾಕ್ಟರು. ಕೂಡಲೇ ಕೇಳಿ.

•

ಕ್ರೀಮಿನ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಈಗಲೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಅದು ಮಗುವಿನ ಅಂಗಾಂಗಗಳನ್ನೇ ಕೆಡಿಸಬಲ್ಲದು. ಟ್ರೆಟಿನಾಯಿನ್, ರೆಟಿನಾಲ್ ಇರುವ ಕ್ರೀಮನ್ನೂ ಬದಿಗಿಡಿ. ಲೇಬಲ್ ಇಲ್ಲದ ‘ಬೆಳ್ಳಗಾಗುವ’ ಕ್ರೀಮುಗಳಲ್ಲಿ ಪಾದರಸ ಇರಬಹುದು. ಸೀಮಂತಕ್ಕೆ ಮೆಹಂದಿ ಬೇಕಾದರೆ ಹಿತ್ತಲಿನ ಗೋರಂಟಿ ಸೊಪ್ಪು ಅರೆದು ಹಚ್ಚಿ. ಹತ್ತೇ ನಿಮಿಷಕ್ಕೆ ಕಪ್ಪಾಗುವ ಕೋನ್ ಬೇಡ. ಸೊಳ್ಳೆ ಬತ್ತಿಯ ಹೊಗೆ ಮುಚ್ಚಿದ ಕೋಣೆಯಲ್ಲಿ ಯಾರಿಗೂ ಒಳ್ಳೆಯದಲ್ಲ. ಪರದೆ ಕಟ್ಟಿದರೆ ಸಾಕು.

•

ಆಶಾ ಕಾರ್ಯಕರ್ತೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ ಶುರುವಾದಾಗ ಮಲ ಕಪ್ಪಾದರೆ ಗಾಬರಿ ಬೇಡ. ಕ್ಯಾಲ್ಸಿಯಂ ಜೊತೆ, ಕಾಫಿ ಟೀ ಜೊತೆ ನುಂಗಬೇಡಿ. ಬಳಪ ತಿನ್ನುವ ಆಸೆ ಆದರೆ ಹಿಮೋಗ್ಲೋಬಿನ್ ನೋಡಿಸಿ. ನಂದು 8ಕ್ಕೆ ಇಳಿದಿತ್ತು!

•

ಎಲ್ಲರಿಗೂ ಥ್ಯಾಂಕ್ಸ್. ಫೋನ್ ಮಾಡಿದೆ. ಪ್ಯಾರಾಸಿಟಮಾಲ್ 500 ನುಂಗಿ, ನಾಳೆಯೂ ಜ್ವರ ಇದ್ದರೆ ಬನ್ನಿ ಅಂದರು. ಅತ್ತೆ ಕನ್ನಡಕ ಹಾಕಿಕೊಂಡು ತಮ್ಮ ಡಬ್ಬಿಯ ಸ್ಟ್ರಿಪ್ ತಿರುಗಿಸಿದರು. ಅಸಿಕ್ಲೋಫೆನಾಕ್! ಈಗ ಡಬ್ಬಿಯ ಮಾತ್ರೆಗಳನ್ನೆಲ್ಲ ಸುರಿದುಕೊಂಡು ಒಂದೊಂದೇ ಓದುತ್ತಾ ಕೂತಿದ್ದಾರೆ.