ನೇಕಾರ–ಸಾವುಕಾರ ವ್ಯವಹಾರಕ್ಕ ಭಾವನೆಯ ಲೆಕ್ಕ: ಡಿಫ್ಲೆಕ್ಷನ್ ಯಾಕ ಹೊಂದವಲ್ಲದು?

ಮಲಪ್ರಭಾ_ದಂಡೆ (ಬಾಗಲಕೋಟೆ):
ನಮಸ್ಕಾರ ರೀ. ಇಳಕಲ್, ಗುಳೇದಗುಡ್ಡದ ನೇಕಾರರು ಮತ್ತ ಸಾವುಕಾರರ ನಡುವಿನ ವ್ಯವಹಾರವನ್ನ ಸಮಾಜಶಾಸ್ತ್ರಜ್ಞ ಡೇವಿಡ್ ಹೈಸ್ ಅವರ ಅಫೆಕ್ಟ್ ಕಂಟ್ರೋಲ್ ಥಿಯರಿಯಿಂದ (ಮನಸ್ಸಿನಾಗ ನೆಲಿಸಿದ ಭಾವ ಕೆಡದಂಗ ಮಂದಿ ನಡಕೋತಾರ ಅನ್ನೋ ಸಿದ್ಧಾಂತ) ನೋಡಾಕತ್ತೀನಿ, ಎಂ.ಎ. ಪ್ರಬಂಧಕ್ಕ. ಅಮೆರಿಕದ ಇಪಿಎ ನಿಘಂಟಿನಿಂದ (ಪ್ರತಿ ಪದಕ್ಕ ಒಳ್ಳೆತನ, ಶಕ್ತಿ, ಚುರುಕುತನದ ಅಂಕಿ ಕೊಟ್ಟ ಪಟ್ಟಿ) ಕೆಲಸಗಾರನ ಅಂಕಿಯನ್ನ ನೇಕಾರಗ, ಮಾಲಕನ ಅಂಕಿಯನ್ನ ಸಾವುಕಾರಗ ಹಾಕೀನಿ. ‘ಸಾವುಕಾರ ನೇಕಾರಗ ಮುಂಗಡ ಕೊಟ್ಟ’ ಅನ್ನೋ ಘಟನೆಗೆ ಡಿಫ್ಲೆಕ್ಷನ್, ಅಂದ್ರ ಘಟನೆಯಿಂದ ಭಾವ ಎಷ್ಟು ಸರೀತು ಅನ್ನೋ ಅಂಕಿ, ಬಹಳ ಕಡಿಮಿ ಬರತೈತಿ. ಆದರ ಸಂದರ್ಶನದಾಗ ಇದೇ ಮಾತು ಬಂದ್ರ ನೇಕಾರರ ಮುಖ ಸಣ್ಣದಾಗತೈತಿ. ಸೂತ್ರ ತಪ್ಪೋ, ನಾ ಹಾಕಿದ ಅಂಕಿ ತಪ್ಪೋ?

ಅಂಕಿಸಂಖ್ಯೆ_ಬೆಳಗಾವಿ:
ಎರಡು ತಪ್ಪು ಕೂಡ್ಯಾವ್ರಿ. ಮೊದಲನೇದು, ಡಿಫ್ಲೆಕ್ಷನ್ ಖುಷಿಯ ಅಳತಿ ಅಲ್ಲ. ಮನಸ್ಸಿನಾಗ ನೆಲಿಸಿದ ಮೂಲಭಾವಕ್ಕೂ ಘಟನೆ ಹುಟ್ಟಿಸಿದ ತಾತ್ಕಾಲಿಕ ಭಾವಕ್ಕೂ ಎಷ್ಟು ಅಂತರ ಅಂತ ಅಷ್ಟೇ ಅದು ಹೇಳತೈತಿ. ಮಾಡಿದವ, ಕ್ರಿಯೆ, ಮಾಡಿಸಿಕೊಂಡವ, ಈ ಮೂರಕ್ಕೂ ಒಳ್ಳೆತನ, ಶಕ್ತಿ, ಚುರುಕುತನ ಅಂತ ಮೂರು ಅಂಕಿ. ಡಿಫ್ಲೆಕ್ಷನ್ ಅಂದ್ರ ಈ ಒಟ್ಟು ಒಂಬತ್ತು ಅಂತರಗಳ ವರ್ಗಗಳ ಮೊತ್ತ. ಊಹೆಯ ಅಂಕಿ ಹಿಡೀರಿ: ನೇಕಾರನ ಮೂಲಭಾವ 1.8, 0.6, 0.4, ‘ಸಾವುಕಾರ ಬೈದ’ ಆದಮ್ಯಾಲ 0.6, −0.9, 0.2. ಅವನ ಪಾಲು 1.44 + 2.25 + 0.04 = 3.73. ಹೆಚ್ಚಿನ ಭಾರ ಶಕ್ತಿಯ ಕಡೆ ಐತಿ, ಒಳ್ಳೆತನದ ಕಡೆ ಅಲ್ಲ. ಮೊತ್ತ ಒಂದನ್ನೇ ಬರದ್ರ ಇದು ಮುಚ್ಚಿಹೋಗತೈತಿ.

ರೂಢಿಯಾದ ನೋವಿಗೂ ಡಿಫ್ಲೆಕ್ಷನ್ ಕಡಿಮಿನೇ ಇರತೈತಿ, ಯಾಕಂದ್ರ ಅದು ನಿರೀಕ್ಷೆ ಮೀರಿಲ್ಲ. ಭಾವನೆ ಬೇಕಾದ್ರ ನೇಕಾರನ ತಾತ್ಕಾಲಿಕ ಅಂಕಿ ಮತ್ತ ಮೂಲ ಅಂಕಿ ಎರಡನ್ನೂ ಭಾವನೆಯ ಸಮೀಕರಣಕ್ಕ ಹಾಕಬೇಕು. ಹೈಸ್ ಅವರ ಇಂಟರಾಕ್ಟ್ ತಂತ್ರಾಂಶದಾಗ ಅದು ಬ್ಯಾರೇನ ಬರತೈತಿ.

ಎರಡನೇದು, ‘ಮುಂಗಡ ಕೊಡು’ ಅನ್ನೋದನ್ನ ಯಾವ ಇಂಗ್ಲಿಷ್ ಕ್ರಿಯೆಗೆ ಹೊಂದಿಸಿದ್ರಿ? ‘ಸಹಾಯ ಮಾಡು’ಗ ಹೊಂದಿಸಿದ್ರ ಮುಗೀತು. ಮುಂಗಡ ತಗೊಂಡವ ತೀರೋತನಕ ಬ್ಯಾರೆ ಸಾವುಕಾರನ ಕಡೆ ಹೋಗಾಕ ಬರೂದಿಲ್ಲ. ಆ ಕಟ್ಟು ಆ ಅಂಕಿಯೊಳಗ ಇಲ್ಲ.

ಮಲಪ್ರಭಾ_ದಂಡೆ:
‘ಸಹಾಯ’ಕ್ಕೇ ಹೊಂದಿಸಿದ್ದೆ, ಸರ. ಹಂಗಾದ್ರ ಪದಗಳ ಅಂಕಿ ಇಲ್ಲಿನ ಮಂದಿಯನ್ನ ಕೇಳೇ ಸಂಗ್ರಹಿಸಬೇಕಲ್ಲ? ಎಷ್ಟು ಮಂದಿ, ಎಷ್ಟು ಪದ?

ಗುಮ್ಮಟ_ಮಾರ್ದನಿ (ವಿಜಯಪುರ):
40 ಪದ ಸಾಕ್ರಿ. ಪ್ರತಿ ಪದಕ್ಕ ಗಂಡಸರು 25, ಹೆಂಗಸರು 25 ಇರಲಿ, ಸರಾಸರಿ ಬ್ಯಾರೆ ಬ್ಯಾರೆ ತಗೀರಿ. ಅಳತೆಗೋಲು −4.3ರಿಂದ +4.3ರ ತನಕ, ನಡುವ ಸೊನ್ನಿ, ಆಮ್ಯಾಲ ‘ಸ್ವಲ್ಪ’, ‘ಸಾಕಷ್ಟು’, ‘ಭಾಳ’, ತುದಿಗೆ ‘ಲೆಕ್ಕ ಇಲ್ಲದಷ್ಟು’. ಒಬ್ಬರಿಗೆ ಒಂದೇ ಸಲ 40 ಕೊಡಬ್ಯಾಡ್ರಿ. 15 ದಾಟಿದ್ರ ಎಲ್ಲಾದಕ್ಕೂ ಒಂದೇ ಕಡೆ ಗುರ್ತು ಬೀಳ್ತದ.

ಖರೇ ಕಷ್ಟ ಇರೋದು ಗೋಲಿನ ಎರಡೂ ತುದಿಗೆ ಬರಿಯೋ ಪದಗಳೊಳಗ. ಶಕ್ತಿಗೆ ‘ದೊಡ್ಡ’ ಅಂತ ಇಟ್ರ ‘ದೊಡ್ಡವರು’ ಅನ್ನೋ ಗೌರವ ಒಳಗ ಬಂದು ಒಳ್ಳೆತನದ ಅಂಕಿ ಸೇರ್ಕೋತದ. ‘ಗಟ್ಟಿ’ ಇಟ್ರ ಗಟ್ಟಿ ದನಿ ನೆನಪಾಗ್ತದ. ‘ಜೋರು’ ಅಂದ್ರಂತೂ ನಮ್ಮ ಕಡೆ ಶಕ್ತಿ, ಚುರುಕು, ಸಿಟ್ಟು ಮೂರೂ ಅದ, ಅದನ್ನ ಪೂರ್ತಿ ಬಿಡ್ರಿ. ‘ಬಲ ಇದ್ದದ್ದು – ಬಲ ಇಲ್ಲದ್ದು’, ‘ಚುರುಕು, ಗದ್ದಲದ್ದು – ನಿಧಾನ, ಸುಮ್ಮನಿದ್ದದ್ದು’ ನಡೀತದ. ಮೊದಲು 10 ಮಂದಿ ಮ್ಯಾಲ ‘ಕೂಸು’, ‘ಪೈಲ್ವಾನ’, ‘ಮುದುಕ’ ಹಾಕಿ ನೋಡ್ರಿ. ಕೂಸಿಗೆ ಶಕ್ತಿ ಕಡಿಮಿ, ಚುರುಕು ಹೆಚ್ಚು ಬರದಿದ್ರ ಗೋಲು ಕೆಟ್ಟದ ಅಂತ ತಿಳೀರಿ.

ಇನ್ನೊಂದು. ಪದಗಳ ಅಂಕಿ ನಿಮ್ಮವಾದ್ರೂ, ಘಟನೆಯಿಂದ ತಾತ್ಕಾಲಿಕ ಭಾವ ಲೆಕ್ಕ ಹಾಕೋ ಸಮೀಕರಣದ ಗುಣಾಂಕ ಅಮೆರಿಕದವೇ ಉಳೀತಾವ. ಹಿಂಗಾಗಿ ಡಿಫ್ಲೆಕ್ಷನ್ 6.2 ಬಂತು ಅಂತ ವಾದ ಮಾಡಬ್ಯಾಡ್ರಿ. ಯಾವ ಘಟನೆ ಮ್ಯಾಲ, ಯಾವುದು ಕೆಳಗ ಅನ್ನೋ ಕ್ರಮ ಅಷ್ಟೇ ಹೇಳ್ರಿ.

ಅಂಕಿಸಂಖ್ಯೆ_ಬೆಳಗಾವಿ:
ಗೋಲಿನ ಮಾತು ಒಪ್ಪಿದೆ. ಕೂಲಿಯ ಪ್ರಶ್ನೆ ಇದ್ರ ಮಾತ್ರ ಇಪಿಎ ಬ್ಯಾಡ, ಸಮಾಜಶಾಸ್ತ್ರಜ್ಞೆ ಗಿಯೆರ್ಮಿನಾ ಜಾಸೊ ಅವರ ನ್ಯಾಯದ ಸೂತ್ರ ತಗೋರಿ: ಸಿಕ್ಕ ಕೂಲಿಯನ್ನ ನ್ಯಾಯವಾದ ಕೂಲಿಯಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್. ನ್ಯಾಯದ ಕೂಲಿ 600 ಅನ್ನೋವಗ 400 ಸಿಕ್ರ −0.41, 800 ಸಿಕ್ರ +0.29. ಅದೇ 200 ರೂಪಾಯಿ ಕಡಿಮಿ ಆದಾಗ ಹೆಚ್ಚು ಚುಚ್ಚತೈತಿ. ನ್ಯಾಯದ ಕೂಲಿ ಎಷ್ಟು ಅಂತ ಒಬ್ಬೊಬ್ಬರನ್ನೇ ಕೇಳ್ರಿ, ಸರಾಸರಿ ಹಾಕಬ್ಯಾಡ್ರಿ. ದಿನದ ಲೆಕ್ಕ ಬಿಟ್ಟು ವಾರದ್ದು ಹಿಡೀರಿ. ನೂಲು ಬರದ ದಿನ ಕೂಲಿ ಸೊನ್ನಿ, ಸೊನ್ನಿಗೆ ಲಾಗರಿದಮ್ ಇಲ್ಲ.

ಮಲಪ್ರಭಾ_ದಂಡೆ:
ವಾರದ ಲೆಕ್ಕಕ್ಕ ಮುಂಗಡದ ಕಡಿತ ಕಳದು ಹಿಡೀಲೋ, ಕಳೀದೇನೋ?

ಅಂಕಿಸಂಖ್ಯೆ_ಬೆಳಗಾವಿ:
ಎರಡೂ ಬರಕೋರಿ. ಎರಡು ಅಂಕಿಯ ನಡುವಿನ ವ್ಯತ್ಯಾಸದಾಗ ಆ ಮುಂಗಡದ ಭಾರ ಕಾಣತೈತಿ.