ಅಮ್ಮನ ಆಲ್ಪ್ರಜೋಲಾಮ್ ಬಿಡಿಸಿದ ಅನುಭವ ಯಾರಿಗಾದರೂ ಇದೆಯಾ?

ಅಮ್ಮನಿಗೆ 68. ಅಪ್ಪ ಹೋದ ಮೇಲೆ ಗಾಬರಿ, ನಿದ್ದೆ ಇಲ್ಲ ಅಂತ ಡಾಕ್ಟರ್ ಆಲ್ಪ್ರಜೋಲಾಮ್ 0.25 ಮಿ.ಗ್ರಾಂ ಮಾತ್ರೆ ಕೊಟ್ಟರು. ವರ್ಷ ಕಳೆಯಿತು, ಇನ್ನೂ ಬಿಟ್ಟಿಲ್ಲ. ‘ಇವತ್ತೇ ಕಸಕ್ಕೆ ಹಾಕು’ ಅಂತಾನೆ ಅಣ್ಣ. ಏನು ಮಾಡಲಿ?

ಸೊಸೆಯೊಬ್ಬರು:
ಒಂದೇ ಸಲ ನಿಲ್ಲಿಸಬೇಡಿ, ದಯವಿಟ್ಟು. ನಮ್ಮ ಅತ್ತೆ ಮದುವೆಗೆ ಅಂತ ಊರಿಗೆ ಹೋಗಿದ್ದಾಗ ಮಾತ್ರೆ ಮುಗಿದಿತ್ತು. ಕೈ ನಡುಕ, ಬೆವರು, ಎದೆ ಡವಡವ. ಹಳೇ ಗಾಬರಿಯೇ ವಾಪಸ್ ಬಂತು ಅಂತ ಎಲ್ಲರೂ ಹೆದರಿದೆವು. ಮಾತ್ರೆ ತಪ್ಪಿದ್ದಕ್ಕೆ ಹೀಗಾಗಿದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ ಅಂದರು ಡಾಕ್ಟರ್. ಆಮೇಲೆ ಅವರೇ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡಿಸಿದರು.

ಮೆಡಿಕಲ್ ಶಾಪ್‌ನವರು:
ಇದಕ್ಕೆ ಕಾರಣ ಇದೆ. ಇದು ಡಯಾಜೆಪಾಮ್ ತರಹ ಬೆಂಜೊಡೈಜೆಪಿನ್ ಅನ್ನುವ, ಮಿದುಳನ್ನು ಶಾಂತಗೊಳಿಸುವ ಔಷಧಿಗಳ ಗುಂಪಿನದು. ಮಿದುಳನ್ನು ತಣ್ಣಗಿಡುವ ಗಾಬಾ ಅನ್ನುವ ರಾಸಾಯನಿಕ ನಮ್ಮಲ್ಲೇ ಇದೆ. ನರಕೋಶದೊಳಗೆ ಕ್ಲೋರೈಡ್ ಹೋಗುವ ಬಾಗಿಲನ್ನು ಅದು ತೆರೆಯುತ್ತದೆ, ಆಗ ಆ ಕೋಶ ಶಾಂತವಾಗುತ್ತದೆ. ಮಾತ್ರೆ ಇದ್ದರೆ ಆ ಬಾಗಿಲು ಪದೇ ಪದೇ ತೆರೆದುಕೊಳ್ಳುತ್ತದೆ, ಅಷ್ಟೇ. ದಿನಾ ತೆಗೆದುಕೊಂಡರೆ ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಹಠಾತ್ ನಿಲ್ಲಿಸಿದರೆ ಮೇಲೆ ಹೇಳಿದ ಹಾಗೆ ನಡುಕ, ಗಾಬರಿ ಬರುತ್ತದೆ. ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ, ವಯಸ್ಸಾದವರಲ್ಲಿ 16ರ ಹತ್ತಿರ. ಇದೇ ಗುಂಪಿನ ಕ್ಲೊನಜೆಪಾಮ್‌ಗೆ 30-40 ಗಂಟೆ. ಅದಕ್ಕೇ ಕೆಲವು ಡಾಕ್ಟರ್‌ಗಳು ನಿಧಾನವಾಗಿ ಇಳಿಯುವ ಮಾತ್ರೆಗೆ ಬದಲಿಸಿ, ಆಮೇಲೆ ಕಡಿಮೆ ಮಾಡುತ್ತಾರೆ. ಆಲ್ಪ್ರಜೋಲಾಮ್ ಶೆಡ್ಯೂಲ್ ಎಚ್1 ಔಷಧಿ. ಚೀಟಿ ಇಲ್ಲದೆ ಕೇಳಿದರೆ ನಾವು ಕೊಡುವ ಹಾಗಿಲ್ಲ, ಬೈಯಬೇಡಿ!

ಇನ್ನೊಬ್ಬರು:
ಮಾತ್ರೆಯನ್ನೇ ವಿಲನ್ ಮಾಡಬೇಡಿ. ನನಗೆ ಪ್ಯಾನಿಕ್ ಅಟ್ಯಾಕ್ ಆಗುತ್ತಿದ್ದಾಗ ಎಸ್ಸಿಟಲೊಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ) ಕೆಲಸ ಶುರುಮಾಡಲು ವಾರಗಳು ಬೇಕಾದವು. ಅಲ್ಲಿಯವರೆಗೆ ಉಸಿರಾಡಲು ಬಿಟ್ಟಿದ್ದು ಆಲ್ಪ್ರಜೋಲಾಮೇ. ಕೆಲವು ವಾರದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದಾಗಲೇ ತಾಪತ್ರಯ, ಅಲ್ವಾ?

ನರ್ಸ್ ಒಬ್ಬರು:
ರಾತ್ರಿ ಬಾತ್‌ರೂಮಿಗೆ ಎದ್ದಾಗ ಮಾತ್ರೆಯ ಮಂಪರಿನಲ್ಲಿ ಅಮ್ಮ ಬೀಳದಂತೆ ಲೈಟ್ ಹಾಕಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆಗೆ ಬೇಡ, ಉಸಿರಾಟ ನಿಧಾನ ಆಗಬಹುದು. ಫಂಗಸ್‌ಗೆ ಇಟ್ರಕೊನಜೋಲ್ ಮಾತ್ರೆ ಕೊಟ್ಟಿದ್ದರೆ ಡಾಕ್ಟರ್‌ಗೆ ಹೇಳಲೇಬೇಕು. ಅದು ಆಲ್ಪ್ರಜೋಲಾಮ್ ಲಿವರ್‌ನಲ್ಲಿ ಕರಗದಂತೆ ತಡೆಯುತ್ತದೆ, ರಕ್ತದಲ್ಲಿ ಔಷಧಿ ಜಾಸ್ತಿಯಾಗುತ್ತದೆ. ಸೈಕಿಯಾಟ್ರಿಸ್ಟ್ ಹತ್ತಿರದಲ್ಲಿ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.